ಕೆಟಲಾಗ್‌ನಲ್ಲಿ ಸಿಗದ ಮೈಸೂರು ಸ್ಟಾಂಪುಗಳು

ಪಿಂಪ್ರಿ-ಚಿಂಚವಾಡಕ್ಕೆ ಬಂದು ನೆಲೆಸಿದ ನಮ್ಮಲ್ಲಿ ಹಲವರ ಕಪಾಟಿನಲ್ಲಿ ಊರಿನ ಹಳೆಯ ಕ್ರಯಪತ್ರಗಳಿವೆ. ಅಂಚೆಚೀಟಿ ಸಂಗ್ರಹಿಸುವ ನನ್ನನ್ನು ಗೆಳತಿಯರು ಕೇಳುತ್ತಾರೆ: “ಪತ್ರದ ಮೇಲಿನ ಈ ಮೈಸೂರು ಸ್ಟಾಂಪು ಕೆಟಲಾಗ್‌ನಲ್ಲಿ ಏಕಿಲ್ಲ? ಇದಕ್ಕೆ ಬೆಲೆಯಿಲ್ಲವೇ?”

ಉತ್ತರ ಇತಿಹಾಸದಲ್ಲಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಆರಂಭವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಎರಡು ಶತಮಾನ ನಡೆದರೂ ಅದು ಸ್ವಂತ ಅಂಚೆಚೀಟಿ ಹೊರತರಲಿಲ್ಲ. ಕಲಬುರಗಿ, ಬೀದರ, ರಾಯಚೂರುಗಳನ್ನು ಆಳುತ್ತಿದ್ದ ಹೈದರಾಬಾದ್ ಸಂಸ್ಥಾನ 1869ರಿಂದಲೇ ಅಂಚೆಚೀಟಿ ತಂದಿತು. ಹಾಗಾಗಿ ಸ್ಟ್ಯಾನ್ಲಿ ಗಿಬ್ಬನ್ಸ್ ಕೆಟಲಾಗ್‌ನಲ್ಲಿ ಅದಕ್ಕೆ ಜಾಗವಿದೆ.

ಮೈಸೂರಿನವು ಕೋರ್ಟ್ ಫೀ ಮತ್ತು ರೆವಿನ್ಯೂ ಸ್ಟಾಂಪುಗಳು. ಸರ್ಕಾರಕ್ಕೆ ಶುಲ್ಕ ಕಟ್ಟಿದ ಗುರುತುಗಳು. ಅಂಚೆಗೆ ಸಂಬಂಧಿಸದ ಕಾರಣ ಸಾಮಾನ್ಯ ಕೆಟಲಾಗ್ ಅವನ್ನು ಬಿಟ್ಟಿದೆ. ಸಂಸ್ಥಾನಗಳ ಇಂಥ ಸ್ಟಾಂಪುಗಳಿಗಾಗಿಯೇ ಕೆಪೆಲ್ ಮತ್ತು ಮ್ಯಾನರ್ಸ್ ಎಂಬವರು 1983ರಲ್ಲಿ ಬೇರೆ ಕೆಟಲಾಗ್ ಪ್ರಕಟಿಸಿದರು.

ಬೆಲೆ ನಿರ್ಧಾರವಾಗುವುದು ಅಪರೂಪ, ಸ್ಥಿತಿ ಮತ್ತು ಬೇಡಿಕೆಯಿಂದ. ಕೇವಲ ಹಳೆಯದಾದರೆ ಸಾಲದು. ಸ್ಟಾಂಪನ್ನು ನೀರಲ್ಲಿ ನೆನೆಸಿ ಕೀಳಬೇಡಿ. ಊರು, ತಾರೀಖು, ಮೊಹರು, ಸಹಿ ಇರುವ ಪೂರ್ಣ ಕಾಗದವೇ ಅದರ ಚರಿತ್ರೆ.

1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳಿಗಾಗಿ ಕಾಯ್ದೆ ತಂದಿತು. ಆ ಕಾಲದ ಪತ್ರವೊಂದರಲ್ಲಿ ಅಜ್ಜಿಯ ಹೆಸರು, ಹೆಬ್ಬೆಟ್ಟಿನ ಗುರುತು ಇದ್ದರೆ, ಆಕೆ ಆಸ್ತಿ ಹೊಂದಿದ್ದಳೆಂಬುದಕ್ಕೆ ಬಹುಶಃ ಅದೊಂದೇ ಸಾಕ್ಷಿ. ಸಖಿಯರೇ, ದೀಪಾವಳಿಗೆ ಕಪಾಟು ತೆಗೆದಾಗ ಅದನ್ನು ರದ್ದಿಗೆ ಹಾಕಬೇಡಿ.