ಮುಳ್ಳು ಕಳೆದುಕೊಂಡ ಗಾಳ

ಕೆನಡಾದ ಫ್ರೇಸರ್ ನದಿಯಲ್ಲಿ ಸ್ಟರ್ಜನ್ ಎಂಬ ಮೀನು ಹಿಡಿಯಲು ಮೊದಲ ಸಲ ದೋಣಿ ಹತ್ತಿದವರಿಗೆ ಗಾಳದ ಕೊಕ್ಕೆ ನೋಡಿ ಅನುಮಾನ ಹುಟ್ಟುವುದು ಸಹಜ. ಮಾಮೂಲಿ ಕೊಕ್ಕೆಯ ತುದಿಯಲ್ಲಿ, ಸಿಕ್ಕ ಮೀನು ಜಾರದಂತೆ ತಡೆಯುವ ಪುಟ್ಟ ಎದುರುಮುಳ್ಳು ಇರುತ್ತದೆ. ಇಲ್ಲಿ ಅದಿಲ್ಲ. ಇನ್ನೂರು, ಮುನ್ನೂರು ಕಿಲೋ ತೂಗಬಲ್ಲ ಮೀನಿಗೆ ಇಂಥ ನುಣುಪು ಕೊಕ್ಕೆಯೇ? ಹೌದು, ಅದು ಕಾನೂನು. ಆ ಕಾನೂನು ಬರುವ ಮೊದಲು ಒಂದು ಇಡೀ ಮೀನುಕುಲ ಅಳಿವಿನ ಅಂಚಿಗೆ ಹೋಗಿ ಬಂದಿತ್ತು.

ಬಿಳಿ ಸ್ಟರ್ಜನ್ ಉತ್ತರ ಅಮೆರಿಕದ ಸಿಹಿನೀರಿನ ಅತಿ ದೊಡ್ಡ ಮೀನು. ನೂರು ವರ್ಷ ದಾಟಿಯೂ ಬದುಕಬಲ್ಲದು. ಮೈಮೇಲೆ ಸಾಲುಸಾಲಾಗಿ ಎಲುಬಿನ ಫಲಕಗಳು, ಬಾಯಲ್ಲಿ ಒಂದೂ ಹಲ್ಲಿಲ್ಲ. ಕಣ್ಣು ಚಿಕ್ಕದು, ನದಿಯ ನೀರು ಕೆಸರಿನದು. ಹಾಗಾಗಿ ಅದು ಮೂತಿಯಡಿಯ ನಾಲ್ಕು ಮೀಸೆಗಳಿಂದ ತಳವನ್ನು ತಡವುತ್ತ, ವಾಸನೆ ಹಿಡಿದು, ಬಾಯಿ ಕೆಳಕ್ಕೆ ಚಾಚಿ ಆಹಾರವನ್ನು ಹೀರಿಕೊಳ್ಳುತ್ತದೆ. ಎರೆ ತಳದಲ್ಲೇ ಕೂರಬೇಕು, ವಾಸನೆ ಬೀರಬೇಕು. ಸ್ಟರ್ಜನ್ ಗಾಳದ ವಿದ್ಯೆಯೆಲ್ಲ ಇಲ್ಲಿಂದಲೇ ಶುರು.

ಫ್ರೇಸರ್ ದಂಡೆಯ ಸ್ಟೋಲೋ ಜನ ಈ ಮೀನನ್ನು ಈಟಿಯಿಂದ ಹಿಡಿಯುತ್ತಿದ್ದರು. ದೋಣಿಯನ್ನು ಹರಿವಿಗೆ ಬಿಟ್ಟು, ಹತ್ತಾರು ಅಡಿ ಉದ್ದದ ಗಳುವಿನಿಂದ ತಳವನ್ನು ತಡವುತ್ತ ಸಾಗುವರು. ಮೀನಿನ ಮೈ ತಾಕಿತೆಂದು ಕೈಗೆ ಗೊತ್ತಾದೊಡನೆ ತಿವಿತ. ಈಟಿಯ ಮೊನೆ ಗಳುವಿನಿಂದ ಕಳಚಿಕೊಂಡು ಮೀನಿನಲ್ಲೇ ಉಳಿಯುತ್ತಿತ್ತು. ಅದಕ್ಕೆ ಕಟ್ಟಿದ ಹಗ್ಗ ಹಿಡಿದು ಮೀನು ದಣಿಯುವವರೆಗೂ ದೋಣಿ ಅದರ ಹಿಂದೆ ಹೋಗುತ್ತಿತ್ತು. ಹಡ್ಸನ್ಸ್ ಬೇ ಕಂಪನಿ 1827ರಲ್ಲಿ ಲ್ಯಾಂಗ್ಲಿ ಕೋಟೆ ಕಟ್ಟಿದಾಗ ಅಲ್ಲಿದ್ದವರ ಊಟಕ್ಕೂ ಸ್ಟರ್ಜನ್ ಒದಗಿತು. ಇಷ್ಟೆಲ್ಲ ಆದರೂ ನದಿ ಬರಿದಾಗಿರಲಿಲ್ಲ.

ಬರಿದು ಮಾಡಿದ್ದು ಮಾರುಕಟ್ಟೆ. ಅಮೆರಿಕದ ಕೊಲಂಬಿಯಾ ನದಿಯ ಸಾಲ್ಮನ್ ಬೆಸ್ತರಿಗೆ ಸ್ಟರ್ಜನ್ ಎಂದರೆ ಬಲೆ ಹರಿಯುವ ಪೀಡೆ, ಕೊಂದು ಬಿಸಾಡುತ್ತಿದ್ದರು. 1880ರ ದಶಕದಲ್ಲಿ ಅದರ ಮಾಂಸಕ್ಕೂ ಮೊಟ್ಟೆಗೂ, ಅಂದರೆ ಕ್ಯಾವಿಯರ್‌ಗೂ ಪೂರ್ವದ ನಗರಗಳಲ್ಲಿ ಬೇಡಿಕೆ ಹುಟ್ಟಿತು. 1892ರಲ್ಲಿ ಕೊಲಂಬಿಯಾದಿಂದ ಹಿಡಿದ ಮೀನು ಸುಮಾರು 25 ಲಕ್ಷ ಕಿಲೋ. 1899ರ ಹೊತ್ತಿಗೆ ಅದು 50 ಸಾವಿರ ಕಿಲೋ ಕೂಡ ಮುಟ್ಟಲಿಲ್ಲ. ಫ್ರೇಸರ್ ಕತೆಯೂ ಹೀಗೇ: 1897ರಲ್ಲಿ 500 ಟನ್ ದಾಟಿದ ಹಿಡಿತ ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ಆಗ ಬಳಸಿದ ಒಂದು ಸಾಧನಕ್ಕೆ ಎರೆಯೇ ಬೇಡವಾಗಿತ್ತು. ಉದ್ದನೆಯ ಹಗ್ಗಕ್ಕೆ ಹರಿತವಾದ ಬರಿ ಕೊಕ್ಕೆಗಳನ್ನು ಒತ್ತೊತ್ತಾಗಿ ಕಟ್ಟಿ ತಳದ ಮೇಲೆ ಹಾಸುತ್ತಿದ್ದರು. ಹಾದುಹೋದ ಮೀನಿನ ಮೈಗೇ ಅವು ಚುಚ್ಚಿಕೊಳ್ಳುತ್ತಿದ್ದವು. ಹೆಣ್ಣು ಸ್ಟರ್ಜನ್ ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹದಿನೈದು, ಇಪ್ಪತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಆಮೇಲೂ ಅದು ವರ್ಷ ವರ್ಷ ಮೊಟ್ಟೆಯಿಡುವುದಿಲ್ಲ. ಹತ್ತು ವರ್ಷದ ಲೂಟಿ ತುಂಬಿಕೊಳ್ಳಲು ಅರ್ಧ ಶತಮಾನವೂ ಸಾಲಲಿಲ್ಲ.

ನಿಯಮಗಳು ನಿಧಾನವಾಗಿ ಬಂದವು. 1950ರಲ್ಲಿ ಕೊಲಂಬಿಯಾದಲ್ಲಿ ಆರು ಅಡಿ ಮೀರಿದ ಮೀನನ್ನು ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ತಾಯಿಮೀನು ಉಳಿದರೆ ಸಂತತಿ ಉಳಿದೀತು ಎಂಬ ಲೆಕ್ಕ. ಸ್ನೇಕ್ ನದಿ ಹರಿಯುವ ಅಮೆರಿಕದ ಐಡಹೋ ರಾಜ್ಯದಲ್ಲಿ 1970ರಿಂದ ಹಿಡಿದದ್ದನ್ನೆಲ್ಲ ಬಿಡಬೇಕಾಯಿತು. ಕೆಳ ಫ್ರೇಸರ್‌ನಲ್ಲಿ 1993 ಮತ್ತು 1994ರಲ್ಲಿ ಭಾರೀ ಗಾತ್ರದ ಸ್ಟರ್ಜನ್‌ಗಳು ಸತ್ತು ತೇಲಿದ ಮೇಲೆ ಆ ನದಿ ಹರಿಯುವ ಕೆನಡಾದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾವೂ ಅದೇ ದಾರಿ ಹಿಡಿಯಿತು. ಸ್ಥಳೀಯ ಮೂಲನಿವಾಸಿಗಳು ತಾವಾಗಿಯೇ ಹಿಡಿಯುವುದನ್ನು ನಿಲ್ಲಿಸಿದರು. ನದಿ ಬರಿದು ಮಾಡಿದವರು ಅವರಲ್ಲ, ಆದರೂ ಬಿಟ್ಟುಕೊಟ್ಟರು. ಇದನ್ನು ಗೌರವದಿಂದ ನೆನೆಯಬೇಕು.

ಇಂದಿನ ಗಾಳವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಕಟ್ಟುವ ಕ್ರಮ ತಾನಾಗಿ ಅರ್ಥವಾಗುತ್ತದೆ. ಎಂಬತ್ತು ಪೌಂಡಿಗಿಂತ ಹೆಚ್ಚು ಎಳೆತ ತಡೆಯುವ ಹೆಣೆದ ದಾರ ಬೇಕು. ದಾರ ಸಣ್ಣದಾದಷ್ಟೂ ಕಾಳಗ ಉದ್ದವಾಗುತ್ತದೆ, ಮೀನು ಸುಸ್ತಾಗಿ ಸಾಯುವ ಅಪಾಯ ಹೆಚ್ಚುತ್ತದೆ. ದಾರದ ಮೇಲೆ ಜಾರುವ ಕೊಳವೆಗೆ ಸೀಸದ ಗುಂಡು ತೂಗುಬಿಡುತ್ತಾರೆ. ಮೀನು ಎರೆ ಎಳೆದರೆ ದಾರ ಸಲೀಸಾಗಿ ಸರಿಯುತ್ತದೆ, ಗುಂಡಿನ ಭಾರ ಅದಕ್ಕೆ ತಟ್ಟುವುದಿಲ್ಲ. ಗುಂಡನ್ನು ಮಾತ್ರ ಮುಖ್ಯ ದಾರಕ್ಕಿಂತ ಬಡಕಲಾದ ದಾರದಿಂದಲೇ ಕಟ್ಟಬೇಕು. ಗುಂಡು ಬಂಡೆಗೆ ಸಿಕ್ಕರೆ ಆ ದಾರ ಹರಿದು ಗುಂಡು ಹೋದೀತು, ಮೀನು ಮಾತ್ರ ತಳಕ್ಕೆ ಕಟ್ಟಿಹಾಕಿದಂತೆ ಉಳಿಯುವುದಿಲ್ಲ. ಐಡಹೋ ಇದನ್ನು ಕಡ್ಡಾಯವೇ ಮಾಡಿದೆ. ಗುಂಡಿನಾಚೆ ಒಂದು ಮಣಿ, ಸುತ್ತುಗೊಂಡಿ, ಒಂದೂವರೆ ಎರಡು ಅಡಿಯ ಮೆತ್ತನೆಯ ದಾರ, ಕೊನೆಗೆ ಒಂದೇ ಒಂದು ಮುಳ್ಳಿಲ್ಲದ ಕೊಕ್ಕೆ. ಮುಳ್ಳಿಲ್ಲದ್ದರಿಂದ ದಾರ ಸಡಿಲ ಬಿಟ್ಟರೆ ಮೀನು ಕಳಚಿಕೊಳ್ಳುತ್ತದೆ. ಹೊಸಬರು ಮೊದಲು ಕಲಿಯಬೇಕಾದ್ದು ಬಿಗಿ ಬಿಡದೆ ಹಿಡಿಯುವುದನ್ನೇ.

ಎರೆಯ ವಿಷಯದಲ್ಲಿ ನದಿಯ ಪಂಚಾಂಗವೇ ಗುರು. ವಸಂತದಲ್ಲಿ ಊಲಿಕನ್ ಎಂಬ ಎಣ್ಣೆಭರಿತ ಪುಟ್ಟ ಮೀನು ಸಮುದ್ರದಿಂದ ನದಿಗೆ ಏರುತ್ತಿತ್ತು, ಸ್ಟರ್ಜನ್‌ಗಳು ಅದರ ಬೆನ್ನು ಹಿಡಿಯುತ್ತಿದ್ದವು. ಈಗ ಊಲಿಕನ್ ಕೂಡ ಕ್ಷೀಣಿಸಿದೆ. ಅಮೆರಿಕ 2010ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿ ಎಂದು ಪಟ್ಟಿಗೆ ಸೇರಿಸಿತು. ಹಾವಿನಾಕಾರದ ಲ್ಯಾಂಪ್ರಿ ಮೀನಿನ ತುಂಡು ಗಟ್ಟಿ, ಬೇಗ ಕಳಚುವುದಿಲ್ಲ. ಶರತ್ಕಾಲದಲ್ಲಿ ಸಾಲ್ಮನ್ ಮೊಟ್ಟೆಯಿಡಲು ಬಂದಾಗ ಅದರ ಮೊಟ್ಟೆಯೇ ಎಲ್ಲಕ್ಕಿಂತ ಮೇಲು. ನೈಲಾನ್ ಕಾಲುಚೀಲದ ತುಂಡಿನಲ್ಲಿ ಗಂಟು ಕಟ್ಟಿ ಕೊಕ್ಕೆಗೆ ಸಿಕ್ಕಿಸುತ್ತಾರೆ. ಮೆತ್ತನೆಯ ಎರೆಗೆ ಎಲಾಸ್ಟಿಕ್ ದಾರ ಸುತ್ತಬೇಕು, ಕೊಕ್ಕೆಯ ಮೊನೆ ಮಾತ್ರ ಹೊರಗೇ ಇರಬೇಕು.

ಇಷ್ಟು ದೊಡ್ಡ ಮೀನು ಎರೆ ಮುಟ್ಟುವುದು ಬಲು ಮೆಲ್ಲಗೆ. ಕೋಲಿನ ತುದಿ ಒಂದೆರಡು ಸಲ ತಲೆದೂಗಿ ಬಾಗಿದೊಡನೆ ಎಳೆಯಬೇಕು. ತಡಮಾಡಿದರೆ ಕೊಕ್ಕೆ ಹೊಟ್ಟೆಗೆ ಇಳಿದೀತು. ದೊಡ್ಡ ಮೀನನ್ನು ನೀರಿನಿಂದ ಎತ್ತಬಾರದು. ನೀರಿನ ಆಸರೆಯಿಲ್ಲದಿದ್ದರೆ ತನ್ನದೇ ಭಾರಕ್ಕೆ ಅದರ ಒಳಾಂಗಗಳಿಗೆ ಪೆಟ್ಟಾಗುತ್ತದೆ.

1997ರಲ್ಲಿ ಸ್ಥಾಪನೆಯಾದ ಫ್ರೇಸರ್ ನದಿ ಸ್ಟರ್ಜನ್ ಸಂರಕ್ಷಣಾ ಸಂಘ ಈ ಗಾಳಗಾರರನ್ನೇ ಸಂಶೋಧನೆಗೆ ತೊಡಗಿಸಿದೆ. ತರಬೇತಾದ ಸ್ವಯಂಸೇವಕರು ಅಕ್ಕಿಕಾಳಿನಷ್ಟು ಪುಟ್ಟ ಗುರುತಿನ ಚಿಪ್ ಒಂದನ್ನು ಮೀನಿನ ಚರ್ಮದಡಿ ಸೇರಿಸಿ, ಉದ್ದ, ಸುತ್ತಳತೆ ಬರೆದುಕೊಂಡು ಬಿಡುತ್ತಾರೆ. ಅದೇ ಮೀನು ಇನ್ನೊಬ್ಬರಿಗೆ ಸಿಕ್ಕರೆ ಬೆಳವಣಿಗೆಯ ಲೆಕ್ಕ ಸಿಗುತ್ತದೆ. ಎಳೆಯ ಮೀನುಗಳು ಕಡಿಮೆಯಾಗುತ್ತಿವೆ ಎಂಬ ಆತಂಕದ ಸಂಗತಿ ಬೆಳಕಿಗೆ ಬಂದದ್ದೂ ಈ ದಾಖಲೆಗಳಿಂದಲೇ. ಹಾಗಾಗಿ ಎರಡಡಿಯ ಮರಿ ಸಿಕ್ಕಿದ ಹೊಸಬರು ಅದನ್ನು ಸುಮ್ಮನೆ ನೀರಿಗೆ ಬಿಡದೆ, ಅಳತೆಯನ್ನು ಬರೆಸಿ ಹೋಗಬೇಕು.