ಚೀಸ್ ತಿಂದರೆ ಬಿಪಿ ಏರಿತು: ಒಂದು ಮಾತ್ರೆಯ ಹಳೇ ಕಥೆ

ಖಿನ್ನತೆಯ ಮಾತ್ರೆಗೂ ಬಿಪಿಗೂ ಎಲ್ಲಿಯ ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವಿದೆ. ಅದು ಬಯಲಿಗೆ ಬಂದ ಕಥೆಯಲ್ಲಿ ಒಂದು ಪತ್ರಕ್ಕೆ ದೊಡ್ಡ ಪಾತ್ರವಿರುವುದರಿಂದ ಸುದ್ದಿಯ ಕೆಲಸ ಮಾಡುವ ನಾವು ಅದನ್ನು ತಿಳಿದಿರಬೇಕು.

1952ರಲ್ಲಿ ನ್ಯೂಯಾರ್ಕ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯ ರೋಗಿಗಳಿಗೆ ಎರಡು ಹೊಸ ಔಷಧ ಕೊಟ್ಟು ನೋಡಿದರು. ಒಂದು ಐಸೋನಿಯಜಿಡ್, ಇಂದಿಗೂ ನಮ್ಮ ಸರ್ಕಾರಿ ಆಸ್ಪತ್ರೆಗಳ ಟಿಬಿ ಚಿಕಿತ್ಸೆಯಲ್ಲಿ ಅದಿದೆ. ಇನ್ನೊಂದು ಐಪ್ರೋನಿಯಜಿಡ್. ಇದನ್ನು ತೆಗೆದುಕೊಂಡವರಿಗೆ ಹಸಿವು ಹೆಚ್ಚಿತು, ಮನಸ್ಸು ಗೆಲುವಾಯಿತು. 1957ರಲ್ಲಿ ಮನೋವೈದ್ಯ ನೇಥನ್ ಕ್ಲೈನ್ ಮತ್ತು ಸಂಗಡಿಗರು ಇದು ಖಿನ್ನತೆಗೂ ಆಗುತ್ತದೆ ಎಂದು ವರದಿ ಮಾಡಿದರು. ಮೋನೋಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುವುದು ಇದರ ಕೆಲಸ. ಇದೇ ಜಾತಿಯ ಬೇರೆ ಮಾತ್ರೆಗಳೂ ಬಂದವು. ಅವುಗಳಲ್ಲಿ ಪಾರ್ನೇಟ್ ಒಂದು.

ಸಾಮಾನ್ಯವಾಗಿ ಈ ಮಾತ್ರೆಗಳು ರಕ್ತದೊತ್ತಡವನ್ನು ಇಳಿಸುತ್ತವೆ. ಇದೇ ಜಾತಿಯ ಪಾರ್ಗಿಲಿನ್ ಬಿಪಿ ಮಾತ್ರೆಯಾಗಿಯೇ ಮಾರಾಟವಾಯಿತು. ಹಾಗಿರುವಾಗ ಕೆಲವರಿಗೆ ಮಾತ್ರ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಬಿಪಿ ಮೇಲಕ್ಕೆ. ಒಬ್ಬಿಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ.

1963ರಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಯುವ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ಈ ಬಗ್ಗೆ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ಗೆ ಬರೆದರು. ಅದನ್ನು ಓದಿದ ನಾಟಿಂಗ್‌ಹ್ಯಾಮ್‌ನ ಒಬ್ಬ ಔಷಧ ತಜ್ಞ ಅವರಿಗೆ ಪತ್ರ ಹಾಕಿದರು. ಈ ಮಾತ್ರೆ ನುಂಗುತ್ತಿದ್ದ ತನ್ನ ಹೆಂಡತಿಗೆ ಚೀಸ್ ತಿಂದಾಗ ಎರಡು ಸಲ ಹೀಗಾಯಿತು, ಹಾಲು ಬೆಣ್ಣೆಯಿಂದ ಏನೂ ಆಗಲಿಲ್ಲ. ಚೀಸೇ ಕಾರಣವಿರಬಹುದೇ ಎಂಬುದು ಅವರ ಪ್ರಶ್ನೆ. ಮೊದಲು ಇದನ್ನು ಕೇಳಿದವರು ನಕ್ಕರು. ಬ್ಲ್ಯಾಕ್‌ವೆಲ್ ಸ್ವತಃ ಮಾತ್ರೆ ನುಂಗಿ ಚೀಸ್ ತಿಂದರು, ಏನೂ ಆಗಲಿಲ್ಲ. ಆದರೂ ಬಿಡದೆ ರೋಗಿಗಳು ಏನು ತಿಂದಿದ್ದರು ಎಂದು ವಿಚಾರಿಸುತ್ತ ಹೋದರು. ಮತ್ತೆ ಮತ್ತೆ ಚೀಸೇ ಸಿಕ್ಕಿತು.

ಇಲ್ಲಿ ಚೀಸ್ ಎಂದರೆ ನಮ್ಮ ಗಿಣ್ಣಲ್ಲ, ತಾಜಾ ಪನೀರೂ ಅಲ್ಲ. ತಿಂಗಳುಗಟ್ಟಲೆ ಇಟ್ಟು ಹದಗೊಳಿಸಿದ್ದು. ಅದರಲ್ಲಿ ಟೈರಮಿನ್ ಎಂಬ ವಸ್ತು ಹೆಚ್ಚು. ಮಾಮೂಲಿಯಾಗಿ ಕರುಳು, ಯಕೃತ್ತಿನಲ್ಲಿರುವ ಆ ಕಿಣ್ವವೇ ಅದನ್ನು ಒಡೆದುಹಾಕುತ್ತದೆ. ಮಾತ್ರೆ ಕಿಣ್ವವನ್ನು ಕಟ್ಟಿಹಾಕಿದಾಗ ಟೈರಮಿನ್ ನೇರ ರಕ್ತಕ್ಕೆ ಸೇರಿ, ನರತುದಿಗಳಿಂದ ನಾರ್‌ಅಡ್ರಿನಲಿನ್ ಹೊರಡಿಸುತ್ತದೆ. ರಕ್ತನಾಳ ಬಿಗಿಯುತ್ತದೆ, ಬಿಪಿ ಜಿಗಿಯುತ್ತದೆ.

1964ರಲ್ಲಿ ಅಮೆರಿಕದಲ್ಲಿ ಪಾರ್ನೇಟನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದು, ಆಮೇಲೆ ಕಟ್ಟುಪಾಡುಗಳೊಂದಿಗೆ ಮರಳಿ ಬಿಟ್ಟರು. ಈ ಜಾತಿಯ ಮಾತ್ರೆ ಬರೆದುಕೊಡುವಾಗ ಏನು ತಿನ್ನಬಾರದು ಎಂಬ ಪಟ್ಟಿಯನ್ನೂ ಕೊಡುವುದು ರೂಢಿಯಾಯಿತು.

ಇಂದು ಈ ಮಾತ್ರೆಗಳ ಬಳಕೆ ಕಡಿಮೆ. ಆದರೆ ವೆನ್ಲಾಫ್ಯಾಕ್ಸಿನ್ ಹೆಚ್ಚು ಪ್ರಮಾಣದಲ್ಲಿ ಬಿಪಿ ಏರಿಸಬಹುದು. ಅಮಿಟ್ರಿಪ್ಟಿಲಿನ್‌ನಂಥವು ಎದ್ದು ನಿಂತಾಗ ಬಿಪಿ ಇಳಿಸಿ ತಲೆ ಸುತ್ತಿಸಬಹುದು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಅದು ಬೇರೆಯೇ ತೊಂದರೆ ತರುತ್ತದೆ. ಬಿಪಿ ನೋಡಿಸಿಕೊಳ್ಳಿ. ಏನು ತಿಂದ ಮೇಲೆ, ಯಾವ ಮಾತ್ರೆಯ ಜೊತೆ ಏನಾಯಿತು ಎಂಬುದನ್ನು ಡಾಕ್ಟರಿಗೆ ಹೇಳಿ. ಅವರು ನಕ್ಕರೂ ಹೇಳಿ.