ಗರ್ಭನಿರೋಧಕ ಬಳಕೆ ಆರಂಭಿಸುವ ಕುರಿತು ಹದಿಹರೆಯದವರು ಮತ್ತು ಪೋಷಕರ ನಡುವೆ ಮಾತುಕತೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಭಾರತ ಸರ್ಕಾರದ ಕುಟುಂಬ ಯೋಜನಾ ಕಾರ್ಯಕ್ರಮವು 1952ರಲ್ಲಿ ಆರಂಭವಾಯಿತು. ಆದರೂ ಈ ವಿಷಯವು ಮನೆಯೊಳಗೆ ಮಾತಿಗೆ ಬರುವುದು ಅಪರೂಪ. ಮಗಳು ಮೈನೆರೆದಾಗ ಆರತಿ ಬೆಳಗಿ, ಚಿಗಳಿ ಕೊಟ್ಟು ಸಂಭ್ರಮಿಸುವ ಅನೇಕ ಕುಟುಂಬಗಳಲ್ಲಿ, ಆನಂತರ ಅವಳ ದೇಹದ ಬಗ್ಗೆ ಮಾತು ನಿಂತೇ ಹೋಗುತ್ತದೆ. ಮಗನೊಂದಿಗೆ ಅಂತಹ ಮಾತು ಆರಂಭವಾಗುವುದೇ ಇಲ್ಲ.

ಈ ಮೌನದ ಪರಿಣಾಮವಾಗಿ ಹದಿಹರೆಯದವರು ಗೆಳೆಯರಿಂದ ಅರ್ಧ ತಿಳಿವಳಿಕೆ ಪಡೆಯುವುದು, ಔಷಧಿ ಅಂಗಡಿಯಿಂದ ತಾವಾಗಿಯೇ ಮಾತ್ರೆ ತಂದು ನುಂಗುವುದು, ತೊಂದರೆಯಾದಾಗ ತಿಂಗಳುಗಟ್ಟಲೆ ಮುಚ್ಚಿಡುವುದು ಕಂಡುಬರುತ್ತದೆ. ಈ ಮಾತುಕತೆಯನ್ನು ಹೇಗೆ ನಡೆಸಬಹುದು, ಕಾನೂನು ಏನು ಹೇಳುತ್ತದೆ ಹಾಗೂ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಯಾವ ಸೇವೆಗಳು ದೊರೆಯುತ್ತವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯವು ಎದುರಾಗುವ ಸಂದರ್ಭಗಳು

1. ವೈದ್ಯಕೀಯ ಕಾರಣ: ಅತಿಯಾದ ರಕ್ತಸ್ರಾವ, ಮುಟ್ಟಿನ ತೀವ್ರ ಹೊಟ್ಟೆನೋವು, ಅನಿಯಮಿತ ಋತುಚಕ್ರ ಅಥವಾ ಪಿಸಿಒಎಸ್ ಎಂಬ ಅಂಡಾಶಯದ ತೊಂದರೆಗೆ ವೈದ್ಯರು ಗರ್ಭನಿರೋಧಕ ಮಾತ್ರೆಗಳನ್ನೇ ಚಿಕಿತ್ಸೆಯಾಗಿ ಬರೆದುಕೊಡುವುದುಂಟು. ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯ ಚೀಲದಲ್ಲಿ ಇಂತಹ ಮಾತ್ರೆ ಕಂಡ ತಾಯಿ, ಕಾರಣ ಕೇಳದೆ ಅದನ್ನು ಎಸೆದರೆ ಚಿಕಿತ್ಸೆಯು ಅರ್ಧಕ್ಕೆ ನಿಲ್ಲುತ್ತದೆ. ಅತಿಯಾದ ರಕ್ತಸ್ರಾವ ಮರುಕಳಿಸಿ ರಕ್ತಹೀನತೆ ಹೆಚ್ಚಬಹುದು. ಮಾತ್ರೆಯು ಕೈಯಲ್ಲಿದೆ ಎಂಬುದರಿಂದ ಬಾಲಕಿಯ ನಡತೆಯ ಬಗ್ಗೆ ಏನೂ ತಿಳಿಯುವುದಿಲ್ಲ.

2. ವಿವಾಹವಾದ ಅಥವಾ ವಿವಾಹ ನಿಶ್ಚಯವಾದ 18 ಮತ್ತು 19 ವರ್ಷದ ಯುವತಿಯರು: ಪದವಿ ವ್ಯಾಸಂಗ ಮುಗಿಯುವವರೆಗೆ ಮೊದಲ ಮಗುವನ್ನು ಮುಂದೂಡಲು ಬಯಸುವವರು ಇವರಲ್ಲಿ ಅನೇಕರು. ಹತ್ತೊಂಬತ್ತರೊಳಗಿನ ಗರ್ಭಧಾರಣೆಯಲ್ಲಿ ರಕ್ತದೊತ್ತಡದ ಏರಿಕೆ, ಅವಧಿಪೂರ್ವ ಹೆರಿಗೆ ಹಾಗೂ ಕಡಿಮೆ ತೂಕದ ಮಗುವಿನ ಜನನದ ಅಪಾಯ ಹೆಚ್ಚು.

3. ವಿವಾಹವಾಗದ 18 ಮತ್ತು 19 ವರ್ಷದವರು: ಇವರು ಕಾನೂನಿನ ದೃಷ್ಟಿಯಲ್ಲಿ ವಯಸ್ಕರು. ತಮ್ಮ ಆರೋಗ್ಯದ ಬಗ್ಗೆ ಸ್ವತಃ ನಿರ್ಧರಿಸಬಹುದಾಗಿದೆ.

4. 18 ವರ್ಷ ತುಂಬದವರು: ಇವರಿಗೆ ಪ್ರತ್ಯೇಕ ಕಾನೂನು ಅನ್ವಯಿಸುತ್ತದೆ. ವಿವರ ಮುಂದೆ ನೀಡಲಾಗಿದೆ.

ಹದಿಹರೆಯದವರು ಮಾತು ಆರಂಭಿಸುವ ಬಗೆ

1. ತಾಯಿ, ತಂದೆ, ಅಜ್ಜಿ, ಚಿಕ್ಕಮ್ಮ, ಅತ್ತಿಗೆ ಇವರಲ್ಲಿ ತಾಳ್ಮೆಯಿಂದ ಕೇಳುವವರು ಯಾರೆಂದು ಮೊದಲು ಯೋಚಿಸುವುದು. ತಾಯಿಯೊಂದಿಗೆ ನೇರವಾಗಿ ಮಾತನಾಡಲು ಸಂಕೋಚವಾದಲ್ಲಿ ಇಂತಹ ಹಿರಿಯರೊಬ್ಬರ ನೆರವನ್ನು ಪಡೆಯಬಹುದು.

2. ಮನೆಯಲ್ಲಿ ನೆಂಟರಿರುವಾಗ, ಜಗಳದ ನಡುವೆ ಅಥವಾ ಪರೀಕ್ಷೆಯ ಹಿಂದಿನ ದಿನ ವಿಷಯ ಎತ್ತದಿರುವುದು ಒಳಿತು. ಅಡುಗೆಮನೆಯ ಕೆಲಸದ ನಡುವೆ ಅಥವಾ ಜೊತೆಯಾಗಿ ನಡೆದು ಹೋಗುವಾಗ ಮುಖಕ್ಕೆ ಮುಖ ಕೊಡದೆಯೇ ಮಾತನಾಡುವುದು ಅನೇಕರಿಗೆ ಸುಲಭವೆನಿಸುತ್ತದೆ.

3. ಮೊದಲ ಮಾತು ಸರಳವಾಗಿರಲಿ. "ಅಮ್ಮ, ಮುಟ್ಟಿನ ದಿನಗಳಲ್ಲಿ ತುಂಬಾ ಕಷ್ಟವಾಗುತ್ತಿದೆ, ಡಾಕ್ಟರ್ ಮಾತ್ರೆ ಬರೆದಿದ್ದಾರೆ, ನೀನೂ ಒಮ್ಮೆ ಬಂದು ಕೇಳು" ಎಂದೋ, "ಮದುವೆಯ ಮೇಲೆ ಓದು ನಿಲ್ಲಬಾರದು, ಅದಕ್ಕೆ ಏನು ಮಾಡಬಹುದೆಂದು ನರ್ಸ್ ಅಕ್ಕನನ್ನು ಕೇಳೋಣವೇ" ಎಂದೋ ಆರಂಭಿಸಬಹುದು.

4. ಒಮ್ಮೆಗೇ ಎಲ್ಲವನ್ನೂ ಹೇಳಬೇಕಾಗಿಲ್ಲ. ಆರೋಗ್ಯ ಕೇಂದ್ರಕ್ಕೆ ಜೊತೆಯಲ್ಲಿ ಹೋಗಲು ಪೋಷಕರು ಒಪ್ಪಿದರೆ ಮೊದಲ ಮಾತುಕತೆಯ ಉದ್ದೇಶ ಈಡೇರಿದಂತೆ.

ಪೋಷಕರು ಗಮನಿಸಬೇಕಾದ ಅಂಶಗಳು

ಮಗು ಬಾಯಿ ತೆರೆದಾಗ ಪೋಷಕರಿಂದ ಬರುವ ಮೊದಲ ಮಾತು ಅತ್ಯಂತ ಮುಖ್ಯವಾದುದು. "ಯಾರು ಅವನು?" ಎಂಬ ಪ್ರಶ್ನೆಯಿಂದ ಆರಂಭವಾದ ಮಾತುಕತೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. "ಹೇಳಿದ್ದು ಒಳ್ಳೆಯದಾಯಿತು, ಏನು ತೊಂದರೆ?" ಎಂದು ಕೇಳಿದಲ್ಲಿ ಮುಂದಿನ ಬಾರಿಯೂ ಮಗು ಪೋಷಕರ ಬಳಿಯೇ ಬರುತ್ತದೆ.

ಪೋಷಕರಿಗೆ ಗಾಬರಿ ಅಥವಾ ಬೇಸರವಾಗುವುದು ಸಹಜ. ಉತ್ತರ ತೋಚದಿದ್ದಲ್ಲಿ "ನಾಳೆ ಮಾತನಾಡೋಣ" ಎಂದು ಹೇಳಿ, ಆ ಮಾತನ್ನು ಉಳಿಸಿಕೊಳ್ಳುವುದು ಸೂಕ್ತ. ಓದು ಬಿಡಿಸುವುದು, ಆತುರದಲ್ಲಿ ಮದುವೆ ಗೊತ್ತುಮಾಡುವುದು, ಮಾತ್ರೆ ಕಿತ್ತುಕೊಳ್ಳುವುದು ಪರಿಹಾರವಲ್ಲ. ಕರ್ನಾಟಕದಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ, 2006ಕ್ಕೆ ತಂದ ರಾಜ್ಯ ತಿದ್ದುಪಡಿಯಂತೆ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು.

ತಮ್ಮ ಕುಟುಂಬದ ಮೌಲ್ಯಗಳನ್ನು ಮಕ್ಕಳಿಗೆ ತಿಳಿಸುವ ಹಕ್ಕು ಪೋಷಕರಿಗೆ ಇದ್ದೇ ಇದೆ. ಮೌಲ್ಯ ಹೇಳುವುದಕ್ಕೂ ಮಾಹಿತಿ ನೀಡುವುದಕ್ಕೂ ವಿರೋಧವಿಲ್ಲ. ಗಂಡುಮಕ್ಕಳಿಗೂ ಕಾಂಡೋಮ್ ಬಳಕೆ, ಹೆಣ್ಣಿನ ಒಪ್ಪಿಗೆಯ ಮಹತ್ವ ಹಾಗೂ ಕಾನೂನಿನ ಬಗ್ಗೆ ತಂದೆ ಅಥವಾ ತಾಯಿ ತಿಳಿಸುವುದು ಅವಶ್ಯ.

18 ವರ್ಷ ತುಂಬದವರಿಗೆ ಸಂಬಂಧಿಸಿದ ಕಾನೂನು

1. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, 2012 ಅಂದರೆ ಪೋಕ್ಸೋ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಎಲ್ಲರೂ ಮಕ್ಕಳು. ಅವರೊಂದಿಗಿನ ಲೈಂಗಿಕ ಸಂಪರ್ಕವು, ಅವರು ಒಪ್ಪಿದ್ದರೂ, ಅಪರಾಧ. ಬಾಲಕಿಯು ಪತ್ನಿಯಾಗಿದ್ದರೂ ವಿನಾಯಿತಿ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪು ನೀಡಿದೆ.

2. ಇಂತಹ ಅಪರಾಧ ನಡೆದಿರುವುದು ತಿಳಿದುಬಂದಲ್ಲಿ ಪೊಲೀಸರಿಗೆ ಮಾಹಿತಿ ನೀಡುವುದು ಕಾಯ್ದೆಯ 19ನೇ ಪ್ರಕರಣದಂತೆ ಕಡ್ಡಾಯ. ಈ ಹೊಣೆ ವೈದ್ಯರ ಮೇಲೂ ಇದೆ. ಇದನ್ನು ಪೋಷಕರು ಮತ್ತು ಮಕ್ಕಳು ಮೊದಲೇ ತಿಳಿದಿರುವುದು ಒಳಿತು.

3. ಗರ್ಭನಿರೋಧಕಗಳ ಬಗ್ಗೆ ಮಾಹಿತಿ ಕೇಳುವುದು ಅಪರಾಧವಲ್ಲ. ಮುಟ್ಟಿನ ತೊಂದರೆಗಾಗಿ ಮಾತ್ರೆ ಪಡೆಯುವುದಕ್ಕೂ ಈ ಕಾಯ್ದೆಗೂ ಸಂಬಂಧವಿರುವುದಿಲ್ಲ. ಇಂತಹ ಚಿಕಿತ್ಸೆಗೆ ಪೋಷಕರೊಂದಿಗೆ ಬರುವುದು ಸೂಕ್ತ.

4. 18 ವರ್ಷದೊಳಗಿನವರು ಗರ್ಭಿಣಿಯಾದಲ್ಲಿ, ವೈದ್ಯಕೀಯ ಗರ್ಭಪಾತ ಕಾಯ್ದೆ, 1971ರಂತೆ ಪೋಷಕರ ಲಿಖಿತ ಸಮ್ಮತಿ ಅಗತ್ಯ. ಬಾಲಕಿ ಮತ್ತು ಪೋಷಕರು ಕೋರಿದಲ್ಲಿ, ಪೊಲೀಸರಿಗೆ ನೀಡುವ ವರದಿಯಲ್ಲಿ ವೈದ್ಯರು ಆಕೆಯ ಗುರುತನ್ನು ತಿಳಿಸಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಭಯದಿಂದ ತಡಮಾಡುವುದಾಗಲಿ, ಅನಧಿಕೃತ ವ್ಯಕ್ತಿಗಳ ಬಳಿ ಹೋಗುವುದಾಗಲಿ ಮಾಡಬಾರದು.

5. ಬಲವಂತ, ಬೆದರಿಕೆ ಅಥವಾ ದೌರ್ಜನ್ಯ ನಡೆದಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದಾಗಿದೆ. ತಪ್ಪು ಮಗುವಿನದಲ್ಲ ಎಂಬುದನ್ನು ಪೋಷಕರು ಮೊದಲು ಹೇಳಬೇಕು.

ಸರ್ಕಾರಿ ಸಂಸ್ಥೆಗಳಲ್ಲಿ ಉಚಿತವಾಗಿ ದೊರೆಯುವ ತಾತ್ಕಾಲಿಕ ವಿಧಾನಗಳು

1. ನಿರೋಧ್: ಗರ್ಭಧಾರಣೆಯೊಂದಿಗೆ ಎಚ್‌ಐವಿ ಹಾಗೂ ಇತರ ಲೈಂಗಿಕ ಸೋಂಕುಗಳನ್ನೂ ತಡೆಯುವುದು ಕಾಂಡೋಮ್ ಮಾತ್ರ. ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ 100 ಮಹಿಳೆಯರಲ್ಲಿ ಸುಮಾರು 13 ಮಂದಿ ಗರ್ಭಿಣಿಯಾಗುವ ಸಾಧ್ಯತೆಯಿದೆ.

2. ಮಾಲಾ-ಎನ್: ಒಂದು ಪಟ್ಟಿಯಲ್ಲಿ 21 ಹಾರ್ಮೋನ್ ಮಾತ್ರೆ ಹಾಗೂ 7 ಕಬ್ಬಿಣಾಂಶದ ಮಾತ್ರೆ ಇರುತ್ತವೆ. ದಿನಕ್ಕೊಂದರಂತೆ ನಿಗದಿತ ಸಮಯಕ್ಕೆ ಸೇವಿಸಬೇಕು. ತಪ್ಪದೆ ಸೇವಿಸಿದಲ್ಲಿ ವರ್ಷಕ್ಕೆ 100ರಲ್ಲಿ ಒಬ್ಬರಿಗಿಂತ ಕಡಿಮೆ, ಸಾಮಾನ್ಯ ಬಳಕೆಯಲ್ಲಿ ಸುಮಾರು 7 ಮಂದಿ ಗರ್ಭಿಣಿಯಾಗಬಹುದು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮರೆವು. ಮಾತ್ರೆಯನ್ನು ಬಚ್ಚಿಟ್ಟು ಸೇವಿಸುವವರು ಮರೆಯುವುದು ಸುಲಭ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿದ್ದರೆ ಇದನ್ನು ತಪ್ಪಿಸಬಹುದು.

3. ಛಾಯಾ: ಹಾರ್ಮೋನ್‌ರಹಿತ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಆನಂತರ ವಾರಕ್ಕೊಮ್ಮೆ ಸೇವಿಸಬೇಕು. ಪಿಸಿಒಎಸ್ ಇರುವವರಿಗೆ ಇದು ಸೂಕ್ತವಲ್ಲ.

4. ಅಂತರಾ: ಮೂರು ತಿಂಗಳಿಗೊಮ್ಮೆ ನೀಡುವ ಚುಚ್ಚುಮದ್ದು. ಮುಟ್ಟು ಏರುಪೇರಾಗಬಹುದು ಅಥವಾ ತಾತ್ಕಾಲಿಕವಾಗಿ ನಿಲ್ಲಬಹುದು. ನಿಲ್ಲಿಸಿದ ನಂತರ ಗರ್ಭಧಾರಣೆಗೆ ಕೆಲವು ತಿಂಗಳು ತಡವಾಗಬಹುದು.

5. ಕಾಪರ್-ಟಿ: ಗರ್ಭಕೋಶದಲ್ಲಿ ಅಳವಡಿಸುವ ಸಾಧನ. 375 ಮಾದರಿಯು 5 ವರ್ಷ, 380ಎ ಮಾದರಿಯು 10 ವರ್ಷ ಪರಿಣಾಮಕಾರಿ. ಬೇಕೆಂದಾಗ ತೆಗೆಸಬಹುದಾಗಿದೆ.

6. ತುರ್ತು ಮಾತ್ರೆ: 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಇದು ನಿತ್ಯ ಬಳಕೆಯ ಮಾತ್ರೆಯಲ್ಲ. ಈಗಾಗಲೇ ನಿಂತಿರುವ ಗರ್ಭವನ್ನು ಇದು ತೆಗೆಯುವುದಿಲ್ಲ.

ಸೇವೆ ಪಡೆಯುವ ವಿಧಾನ

ಭಾರತ ಸರ್ಕಾರವು 2014ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆ ಹದಿಹರೆಯಸ್ನೇಹಿ ಆರೋಗ್ಯ ಚಿಕಿತ್ಸಾಲಯಗಳ ವ್ಯವಸ್ಥೆಯಿದೆ. ಕರ್ನಾಟಕದಲ್ಲಿ ಇವು ಸ್ನೇಹ ಕ್ಲಿನಿಕ್ ಎಂದು ಪರಿಚಿತ. ಇಲ್ಲಿ ಆಪ್ತಸಮಾಲೋಚನೆ ಉಚಿತ. ಹತ್ತಿರದ ಸ್ನೇಹ ಕ್ಲಿನಿಕ್ ಎಲ್ಲಿದೆ ಎಂಬುದನ್ನು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಪೋಷಕರು ಜೊತೆಯಲ್ಲಿ ಬಂದಿದ್ದರೂ, ಸ್ವಲ್ಪ ಹೊತ್ತು ಆಪ್ತಸಮಾಲೋಚಕರೊಂದಿಗೆ ಒಬ್ಬರೇ ಮಾತನಾಡಬೇಕೆಂದು ಹದಿಹರೆಯದವರು ಕೋರಬಹುದು. ಪೋಷಕರು ಇದನ್ನು ಅವಮಾನವೆಂದು ಭಾವಿಸಬಾರದು.

ವೈದ್ಯರಿಗೆ ಈ ಕೆಳಗಿನ ವಿವರಗಳನ್ನು ತಪ್ಪದೆ ತಿಳಿಸತಕ್ಕದ್ದು:

1. ಕೊನೆಯ ಮುಟ್ಟಿನ ದಿನಾಂಕ.
2. ಕಣ್ಣು ಮಿಂಚಿ ಬರುವ ಅರೆತಲೆನೋವು, ರಕ್ತದೊತ್ತಡ, ಯಕೃತ್ತಿನ ಕಾಯಿಲೆ.
3. ಸ್ವಂತಕ್ಕೆ ಅಥವಾ ರಕ್ತಸಂಬಂಧಿಗಳಿಗೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ. ಇದನ್ನು ಹೇಳಬಲ್ಲವರು ಸಾಮಾನ್ಯವಾಗಿ ತಾಯಿ ತಂದೆಯೇ.
4. ಕ್ಷಯರೋಗಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪಿನ್ ಸೇವಿಸುತ್ತಿದ್ದಲ್ಲಿ ಅದರ ವಿವರ. ಇವು ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತವೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಾತ್ರೆ ಸೇವಿಸಿದರೆ ಮುಂದೆ ಮಕ್ಕಳಾಗುವುದಿಲ್ಲವೇ?
ಉತ್ತರ: ಇದು ತಪ್ಪು ತಿಳಿವಳಿಕೆ. ಮಾತ್ರೆಯಿಂದ ಬಂಜೆತನ ಉಂಟಾಗುವುದಿಲ್ಲ. ನಿಲ್ಲಿಸಿದ ನಂತರ ಗರ್ಭಧಾರಣೆಯ ಸಾಮರ್ಥ್ಯ ಮರಳುತ್ತದೆ.

ಪ್ರಶ್ನೆ: ಆರಂಭದಲ್ಲಿ ವಾಕರಿಕೆ, ನಡುನಡುವೆ ರಕ್ತದ ಕಲೆ ಕಂಡರೆ ನಿಲ್ಲಿಸಬೇಕೇ?
ಉತ್ತರ: ಇವು ಸಾಮಾನ್ಯವಾಗಿ ಮೊದಲ ಎರಡು ಮೂರು ತಿಂಗಳಲ್ಲಿ ಕಡಿಮೆಯಾಗುತ್ತವೆ. ಆದರೆ ಕಾಲಿನಲ್ಲಿ ಊತ ಸಹಿತ ನೋವು, ಎದೆನೋವು, ಉಸಿರಾಟದ ತೊಂದರೆ, ತೀವ್ರ ತಲೆನೋವು ಅಥವಾ ದೃಷ್ಟಿ ಮಂಜಾಗುವುದು ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು.

ಪ್ರಶ್ನೆ: ಮಾಹಿತಿ ನೀಡಿದರೆ ಮಕ್ಕಳು ದಾರಿ ತಪ್ಪುವುದಿಲ್ಲವೇ?
ಉತ್ತರ: ಲೈಂಗಿಕ ಶಿಕ್ಷಣವು ಮಕ್ಕಳಲ್ಲಿ ಲೈಂಗಿಕ ಚಟುವಟಿಕೆಯನ್ನು ಹೆಚ್ಚಿಸುವುದಿಲ್ಲವೆಂದು ಯುನೆಸ್ಕೋ 2018ರ ಮಾರ್ಗದರ್ಶಿಯಲ್ಲಿ ತಿಳಿಸಿದೆ.

ಪ್ರಶ್ನೆ: 18 ವರ್ಷ ತುಂಬಿದವರಿಗೆ ತಾತ್ಕಾಲಿಕ ವಿಧಾನ ಪಡೆಯಲು ಪತಿ, ಅತ್ತೆ ಅಥವಾ ಪೋಷಕರ ಒಪ್ಪಿಗೆ ಬೇಕೇ?
ಉತ್ತರ: ಬೇಕಾಗಿಲ್ಲ. ಆದಾಗ್ಯೂ ಮನೆಯವರ ಬೆಂಬಲವಿದ್ದಲ್ಲಿ ನಿಯಮಿತ ಬಳಕೆ ಸುಲಭ.

ಸೂಚನೆ

ಮನೆಯಲ್ಲಿ ಮಾತು ಮುರಿದುಬಿದ್ದಲ್ಲಿ, ಆಪ್ತಸಮಾಲೋಚಕರ ಸಮ್ಮುಖದಲ್ಲಿ ಮತ್ತೊಮ್ಮೆ ಪ್ರಯತ್ನಿಸಬಹುದು. ಮಾನಸಿಕ ಒತ್ತಡ ಅಥವಾ ಪ್ರಾಣಕ್ಕೆ ಅಪಾಯ ತಂದುಕೊಳ್ಳುವ ಆಲೋಚನೆ ಬಂದಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದಾಗಿದೆ. ಇಲ್ಲಿನ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಯಾವುದೇ ವಿಧಾನವನ್ನು ವೈದ್ಯರ ಸಲಹೆ ಪಡೆದ ನಂತರವೇ ಆರಂಭಿಸತಕ್ಕದ್ದು.